ಈಜುಕೊಳದ ಮೀನು

ಪಂಪು ಕೊನೆಯ ಮೊಣಕಾಲುದ್ದ ನೀರನ್ನು ಎಳೆಯುತ್ತಿದ್ದಾಗ ವಿಚಿಯನ್‌ನ ಕಾಲಿಗೆ ಏನೋ ಬಡಿಯಿತು. ಬಗ್ಗಿ ನೋಡಿದರೆ ಮೀಸೆಮೀನು. ಒಂದಲ್ಲ, ಹತ್ತಾರು! ಮಳೆಗಾಲವೆಂದು ಮುಚ್ಚಿ, ಮೂರು ತಿಂಗಳು ಕ್ಲೋರಿನ್ ಕಾಣದ ಅಪಾರ್ಟ್‌ಮೆಂಟಿನ ಈಜುಕೊಳ ಪಾಚಿಗಟ್ಟಿದ್ದು ಸರಿ. ಬ್ಯಾಂಕಾಕಿನ ಆಕಾಶದಿಂದ ಮೀನೂ ಉದುರಿತೇ? ಉಜ್ಜುವ ಬ್ರಷ್ ಹಿಡಿದು ಅವನು ಕಕ್ಕಾಬಿಕ್ಕಿಯಾಗಿ ನಿಂತ.

“ಪಂಪು ನಿಲ್ಸೋ ಮಾರಾಯ!” ನಾಲ್ಕನೇ ಮಹಡಿಯ ಲಮ್ಯಾಯ್ ಅಜ್ಜಿ ಬಕೆಟ್ ಹಿಡಿದು ಕುಂಟುತ್ತಾ ಬಂದಳು. “ಅದ್ರಲ್ಲಿ ಮೂರು ನಂದು. ಮಗಳ ಆಪರೇಷನ್ ದಿನ, ಸಾಯೋ ಜೀವ ಉಳಿಸಿದ ಪುಣ್ಯ ಅವಳಿಗೆ ಬರ್ಲಿ ಅಂತ ಮಾರ್ಕೆಟ್ಟಿಂದ ಕೊಂಡು ತಂದು ಬಿಟ್ಟಿದ್ದು. ಈ ಮಂಡಿ ಇಟ್ಕೊಂಡು ಕಾಲುವೆ ತನಕ ಹೋಗಕ್ಕಾಗ್ಲಿಲ್ಲ. ಅವು ಸತ್ರೆ ಪಾಪ ಅವಳಿಗೇ ತಟ್ಟತ್ತೆ ಕಣೋ.”

“ಮೂರು ನಿಮ್ದು ಸರಿ ಅಜ್ಜಿ, ಮಿಕ್ಕಿದ್ದು ಯಾರ್ದು?”

ಅಜ್ಜಿಯೂ ಕಣ್ಣು ಕಣ್ಣು ಬಿಟ್ಟಳು. ಅಷ್ಟರಲ್ಲಿ ಮ್ಯಾನೇಜರ್ ಪ್ರಸೊಂಗ್ ಬಂದ. ಕೊಳದ ಹತ್ತಿರ ಬೆಕ್ಕು ಸುಳಿದರೂ ದಂಡ ಹಾಕುವ ಆಸಾಮಿ. ಬೈಗುಳಕ್ಕೆ ಕಾದು ವಿಚಿಯನ್ ತಲೆ ತಗ್ಗಿಸಿದ. ಪ್ರಸೊಂಗ್ ಮೀನುಗಳನ್ನು ನೋಡಿದ, ಅಜ್ಜಿಯ ಬಕೆಟ್ ನೋಡಿದ, ಬೂಟು ಬಿಚ್ಚಿ ಕೆಸರು ನೀರಿಗೆ ಇಳಿದ.

“ಬಾಲದ ಮೇಲೆ ಬಿಳಿ ಮಚ್ಚೆ ಇರೋದು ಬದುಕಿದ್ಯೇನೋ?” ಅವನು ಬಗ್ಗಿ ನೀರಲ್ಲಿ ಕೈಯಾಡಿಸಿದ. “ಅದು ನಮ್ಮಮ್ಮನ ಹೆಸರಲ್ಲಿ ಬಿಟ್ಟಿದ್ದು.”