ಜೊತೆಗೆ ಬಂದವರು

ಆ ರಾಜ್ಯದಲ್ಲಿ ಗರ್ಭಪಾತವನ್ನು ನಿಷೇಧಿಸಿದ್ದರು. ಆದರೆ ಪೊಲೀಸರು ಯಾರನ್ನೂ ಹಿಡಿಯುತ್ತಿರಲಿಲ್ಲ. ಅದಕ್ಕೆ ನೆರವಾದವರ ಮೇಲೆ ಬೀದಿಯಲ್ಲಿ ಹೋಗುವವರು ಯಾರು ಬೇಕಾದರೂ ದಾವೆ ಹೂಡಬಹುದಿತ್ತು, ಗೆದ್ದವರಿಗೆ ಬಹುಮಾನ. ಜನರ ನೀತಿಪ್ರಜ್ಞೆ ಒಮ್ಮೆಲೇ ಎಚ್ಚೆತ್ತುಕೊಂಡಿತು.

ಸಜ್ಜನರೊಬ್ಬರು ವಕೀಲೆಯ ಆಫೀಸಿಗೆ ಬಂದು, ಬೆಂಚಿನ ಮೇಲೆ ಕಾಯುತ್ತಿದ್ದವರಿಗೆಲ್ಲ ಕೇಳುವ ಹಾಗೆ ಹೇಳಿದರು: "ನಮ್ಮ ಎದುರುಮನೆ ಹುಡುಗಿ ತೆಗೆಸಿಕೊಂಡಿದ್ದಾಳೆ ಮೇಡಂ. ಡಾಕ್ಟರು, ನರ್ಸು, ಸಹಾಯ ಮಾಡಿದ ಒಬ್ಬರನ್ನೂ ಬಿಡಬಾರದು."

"ಪುರಾವೆ ಇದೆಯಾ?"

"ಇದೆಯಾ ಅಂತೀರಾ! ಪಾಪ, ಆಟೋ ಸಿಗದೆ ಒದ್ದಾಡ್ತಿದ್ಲು. ಎಲ್ಲಿಗೆ ಅಂತ ಗೊತ್ತಾದ ಕೂಡಲೇ 'ಬಾಮ್ಮ' ಅಂತ ನನ್ನ ಕಾರಲ್ಲೇ ಕರ್ಕೊಂಡು ಹೋದೆ. ಆಸ್ಪತ್ರೆ ರಿಜಿಸ್ಟರಲ್ಲಿ 'ಜೊತೆಗೆ ಬಂದವರು' ಅನ್ನೋ ಕಡೆ ನಾನೇ ಸೈನ್ ಹಾಕಿದೆ. ಇಲ್ಲದಿದ್ರೆ ಒಳಗೇ ಬಿಡ್ತಿರಲಿಲ್ಲ. ಎಲ್ಲದಕ್ಕೂ ಫೋಟೋ ಇದೆ!"

ವಕೀಲೆ ಪೆನ್ನು ಕೆಳಗಿಟ್ಟರು. "ಇದನ್ನ ಬೇರೆ ಯಾರಿಗಾದ್ರೂ ಹೇಳಿದ್ದೀರಾ?"

"ಇಲ್ಲ ಮೇಡಂ, ನಿಮಗೇ ಮೊದಲು."

ಬೆಂಚಿನ ತುದಿಯಲ್ಲಿದ್ದ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದರು.

"ಮೇಡಂ, ನನ್ನ ಸೈಟಿನ ತಕರಾರು ಹಾಗಿರಲಿ. ಮೊದಲು ಈ ಯಜಮಾನ್ರ ಮೇಲೆ ನನ್ನ ಹೆಸರಲ್ಲೊಂದು ದಾವೆ ಹಾಕಿ."