ಡಾಕ್ಟರಮ್ಮನ ಬೆನ್ನ ಹಿಂದೆ

ಚೆಂಡು ಹೆಲ್ಮೆಟ್ಟಿಗೆ ಬಡಿದ ಸದ್ದು ಡ್ರೆಸ್ಸಿಂಗ್ ರೂಮಿನ ಗಾಜಿನ ಒಳಗೂ ಕೇಳಿಸಿತು. ಮಗ ಬಿದ್ದ, ಎದ್ದ, ಕೈಯೆತ್ತಿ ಏನೂ ಆಗಿಲ್ಲ ಎಂದ. ಅಷ್ಟರಲ್ಲಿ ಟೀ ವಿರಾಮವಾಯಿತು. ತಂಡದ ಡಾಕ್ಟರಮ್ಮ ಅವನನ್ನು ಮಸಾಜ್ ಕೋಣೆಗೆ ಕರೆದೊಯ್ದು ಮೇಜಿನ ಮೇಲೆ ಕೂರಿಸಿದರು. ಬೆನ್ನಿಗೇ ಅಪ್ಪ ಬಂದ. ತಂಡಕ್ಕೆ ಬ್ಯಾಟಿಂಗ್ ಕೋಚ್ ಅವನೇ.

“ನೀವು ಹೊರಗಿದ್ರೆ ಒಳ್ಳೇದು ಸರ್,” ಎಂದರು ಡಾಕ್ಟರಮ್ಮ.

“ಕೋಚನ್ನ ಬೇಕಾದ್ರೆ ಹೊರಗೆ ಹಾಕಿ. ಅಪ್ಪನ್ನ ಹೇಗಮ್ಮ ಹಾಕ್ತೀರಿ?”

“ಸರಿ, ನನ್ನ ಹಿಂದೆ ನಿಂತ್ಕೊಳ್ಳಿ. ಬಾಯಿ ಮಾತ್ರ ತೆಗೀಬೇಡಿ.”

ಅಪ್ಪ ಅವರ ಬೆನ್ನ ಹಿಂದೆ ಹೋಗಿ ನಿಂತ. ತಾತ ದೇಶಕ್ಕೆ ಆಡಿದವನು, ಅಪ್ಪ ಆಡಿದವನು, ಚಿಕ್ಕಪ್ಪನೂ ಆಡಿದವನೇ. ಆ ಮನೆಯಲ್ಲಿ ಹುಟ್ಟಿದ ಮೇಲೆ ಬ್ಯಾಟು ಹಿಡಿಯದೆ ವಿಧಿಯಿರಲಿಲ್ಲ. ಮಗನನ್ನು ತಂಡಕ್ಕೆ ತೆಗೆದುಕೊಂಡಾಗ ‘ಅಪ್ಪನ ಹೆಸರಿನ ಮೇಲೆ ಬಂದವನು’ ಎಂದು ಊರೆಲ್ಲ ಆಡಿಕೊಂಡಿತ್ತು. ಒಮ್ಮೆ ಕೈಬಿಟ್ಟು ಮತ್ತೆ ಕರೆದಾಗ, ಇದೇ ಕೊನೆಯ ಅವಕಾಶ ಎಂದು ಆಯ್ಕೆಗಾರರು ಬಾಯಿಬಿಟ್ಟೇ ಹೇಳಿದ್ದರು. ಇವತ್ತು ನೂರರ ಹತ್ತಿರ ಬಂದು ನಿಂತಿದ್ದಾನೆ. ತಲೆಗೆ ಪೆಟ್ಟಾಗಿದೆ ಎಂದು ಡಾಕ್ಟರಮ್ಮ ಹೇಳಿಬಿಟ್ಟರೆ ಮುಗಿಯಿತು. ಅವನ ಬದಲಿಗೆ ಇಳಿಯಬೇಕಾದವನು ಪಕ್ಕದ ಕೋಣೆಯಲ್ಲಿ ಆಗಲೇ ಪ್ಯಾಡು ಕಟ್ಟುತ್ತಿದ್ದ.

“ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಂತ್ಕೊಳ್ಳಿ.”

ಮಗ ಕಂಬದ ಹಾಗೆ ನಿಂತ. ಅಪ್ಪನಿಗೆ ಹೋದ ಜೀವ ಬಂದಂತಾಯಿತು.

“ಈಗ ಸುಲಭದ ಪ್ರಶ್ನೆ. ಕಳೆದ ಮ್ಯಾಚ್ ಗೆದ್ವಾ, ಸೋತ್ವಾ?”

ಮಗ ಡಾಕ್ಟರಮ್ಮನ ಭುಜದ ಮೇಲಿಂದ ಅಪ್ಪನನ್ನು ನೋಡಿದ. ಚಿಕ್ಕಂದಿನ ಚಾಳಿ ಅದು. ಶಾಲೆಯ ಪಂದ್ಯಗಳಲ್ಲಿ ಹೊರಗಿನಿಂದ ಕೂಗಿ ಹೇಳಿಕೊಡಬಾರದೆಂದು ಅಂಪೈರ್ ಗದರಿದ ಮೇಲೆ, ಅಪ್ಪ ಮಗ ಸೇರಿ ಕೈಸನ್ನೆಯ ಒಂದು ಭಾಷೆಯನ್ನೇ ಮಾಡಿಕೊಂಡಿದ್ದರು. ಕಿವಿ ಮುಟ್ಟಿದರೆ ಚೆಂಡು ಬಿಡು, ಗದ್ದ ಸವರಿದರೆ ತಡೆದು ಆಡು. ಮಗ ನೋಡಿದನೆಂದರೆ ಸಾಕು, ಅಪ್ಪನ ಕೈ ತಾನಾಗಿ ಏಳುತ್ತಿತ್ತು. ಈಗಲೂ ಎದ್ದಿತು. ಹೆಬ್ಬೆರಳು ಕೆಳಗೆ ತಿರುಗಿತು.

“ಸೋತ್ವಿ,” ಎಂದ ಮಗ.

“ಇವತ್ತು ಕ್ಯಾಪ್ಟನ್ ಹೇಗೆ ಔಟಾದ್ರು?”

ಮಗನ ಕಣ್ಣು ಮತ್ತೆ ಭುಜದಾಚೆ ಬಂದು ನಿಂತಿತು. ಅಪ್ಪ ಎರಡೂ ಕೈ ಜೋಡಿಸಿ ಬೊಗಸೆ ಮಾಡಿದ.

“ಕ್ಯಾಚು.”

ಅಪ್ಪನಿಗೆ ಭಯವಾಯಿತು. ಕಳೆದ ಮ್ಯಾಚಿನ ಮಾತು ಗಲಿಬಿಲಿಯಲ್ಲಿ ಮರೆತಿರಬಹುದು. ಆದರೆ ಕ್ಯಾಪ್ಟನ್ ಔಟಾದಾಗ ಇವನು ಎದುರು ತುದಿಯಲ್ಲೇ ನಿಂತಿದ್ದನಲ್ಲ! ಹೇಳಿಬಿಡಲೇ ಎಂದುಕೊಂಡ. ಗೋಡೆಯಾಚೆ ಪ್ಯಾಡು ಕಟ್ಟಿದವನು ಬ್ಯಾಟನ್ನು ನೆಲಕ್ಕೆ ಟಕಟಕ ಕುಟ್ಟುವುದು ಕೇಳಿಸಿತು. ಇನ್ನೊಂದೇ ಒಂದು ಪ್ರಶ್ನೆ ನೋಡೋಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

“ನಾನು ಹೇಳೋ ಅಂಕಿಗಳನ್ನ ಹಿಂದಿನಿಂದ ಹೇಳಿ. ನಾಲ್ಕು, ಒಂದು, ಮೂರು.”

ಅಪ್ಪನ ಬೆರಳುಗಳು ಬಿಚ್ಚಿಕೊಂಡವು, ಮಡಚಿಕೊಂಡವು, ಮತ್ತೆ ಬಿಚ್ಚಿಕೊಂಡವು.

“ಮೂರು... ಒಂದು... ನಾಲ್ಕು.”

ಡಾಕ್ಟರಮ್ಮ ನಕ್ಕರು. “ನಿಮ್ಮ ಮಗ ಗಟ್ಟಿ ಪಿಂಡ ಸರ್,” ಎನ್ನುತ್ತ ಹಿಂದೆ ತಿರುಗಿದರು. ಅಷ್ಟರಲ್ಲಿ ಅಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದ. “ಇದ್ಯಾಕೆ ಇಷ್ಟು ಬೆವರ್ತಿದ್ದೀರಿ?”

“ಸೆಖೆ ಕಣಮ್ಮ,” ಎಂದ ಅಪ್ಪ.

“ಹಾಗಾದ್ರೆ ಇವರು ಆಡಬಹುದು. ತಲೆ ಸುತ್ತಿದ್ರೆ ತಕ್ಷಣ ನನ್ನ ಕರೀರಿ.” ಡಾಕ್ಟರಮ್ಮ ತಮ್ಮ ಚೀಲ ಎತ್ತಿಕೊಂಡು ಹೊರಟರು.

ಮೈದಾನಕ್ಕೆ ಹೋಗುವ ಓಣಿಯಲ್ಲಿ ಅಪ್ಪ ಮಗ ಇಬ್ಬರೇ ಉಳಿದರು. ಅಪ್ಪ ಹೊಸ ಹೆಲ್ಮೆಟ್ ತೊಡಿಸಿ, ಗದ್ದದ ಪಟ್ಟಿ ಬಿಗಿದ.

“ನಿಜ ಹೇಳೋ, ತಲೆ ಸರಿಯಿದೆಯಾ?”

“ಸರಿಯಿದೆ ಅಪ್ಪಾ.”

“ಆಮೇಲೆ ನಿಮ್ಮಮ್ಮನಿಗೆ ನಾನು ಮುಖ ತೋರಿಸ್ಬೇಕು ಕಣೋ.”

“ಏನಿಲ್ಲ ಬಿಡು. ಯಾಕಿಷ್ಟು ಹೆದರ್ಕೋತೀಯ?”

ಮಗ ಎಂದಿನ ಹಾಗೇ ನಕ್ಕ. ಆ ನಗು ನೋಡಿ ಅಪ್ಪನಿಗೆ ಸ್ವಲ್ಪ ಧೈರ್ಯ ಬಂತು. ಪೆಟ್ಟು ತಿಂದ ಗಾಬರಿಗೆ ನಾಲ್ಕು ವಿಷಯ ಮರೆತರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ತಾನೂ ಎಷ್ಟು ಪೆಟ್ಟು ತಿಂದಿಲ್ಲ? ಹೊರಗೆ ಅಂಪೈರುಗಳು ಮೈದಾನದ ನಡುವೆ ತಲುಪಿದ್ದರು. ಮೆಟ್ಟಿಲ ತುದಿಯಲ್ಲಿ ಮಗನ ನೆರಳು ಕಂಡದ್ದೇ ತಡ, ಜನ ಎದ್ದು ನಿಂತು ಅವನ ಮನೆತನದ ಹೆಸರು ಹಿಡಿದು ಕೂಗತೊಡಗಿದರು. ದೂರದಲ್ಲಿ ವೇಗದ ಬೌಲರ್ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತ ತನ್ನ ಓಟದ ಗುರುತಿನತ್ತ ನಡೆಯುತ್ತಿದ್ದ.

ಮಗ ಒಂದು ಮೆಟ್ಟಿಲು ಇಳಿದವನು ನಿಂತ. ಕೈಯಲ್ಲಿದ್ದ ಬ್ಯಾಟನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ನೋಡಿದ. ಆಮೇಲೆ ವಾಪಸು ಬಂದು, ಯಾರಿಗೂ ಕೇಳಿಸಬಾರದೆಂಬಂತೆ ಅಪ್ಪನ ಕಿವಿಯ ಹತ್ತಿರ ಬಗ್ಗಿದ.

“ಅಪ್ಪಾ, ನಾನು ಆಡೋದು ಎಡಗೈಲೋ, ಬಲಗೈಲೋ?”