ಕಾರಿಗೆ ಉಸಿರು ಕಟ್ಟಿದ್ದು

ನಾಲ್ಕು ದಿನದಿಂದ ಕಾರು ಪ್ರತಿ ಸಿಗ್ನಲ್ಲಿನಲ್ಲೂ ಆಫ್ ಆಗುತ್ತಿತ್ತು. ಗಂಡ ಕನ್ನಡಕ ಕಳೆದುಕೊಂಡಿದ್ದರಿಂದ ಹೆಂಡತಿಯೇ ಓಡಿಸಿಕೊಂಡು ಗ್ಯಾರೇಜಿಗೆ ಬಂದಳು.

"ಎಕ್ಸಲೇಟರ್ ಬಿಟ್ಟ ಕೂಡ್ಲೇ ಬಂದ್ ಆಗ್ತೈತಿ," ಎಂದಳು.

"ಇಂಜಿನ್‌ಗೆ ಗಾಳಿ ಸಾಲವಲ್ದು ಅಕ್ಕಾರ. ಏರ್ ಫಿಲ್ಟರ್ ಬಿಚ್ಚಿ ನೋಡ್ತೀನ್ರಿ," ಎಂದ ಮೆಕ್ಯಾನಿಕ್ ಮೌಲಾಸಾಬ.

"ಅದೆಲ್ಲಾ ಬ್ಯಾಡ. ಪ್ಲಗ್ ಬದಲಿ ಮಾಡ್ರಿ, ಸಾಕು," ಗಂಡ ಅಡ್ಡ ಬಂದ.

"ನೀವು ಬಿಚ್ಚ್ರಿ," ಎಂದಳು ಹೆಂಡತಿ ಮೌಲಾಸಾಬನಿಗೆ.

ಫಿಲ್ಟರ್ ಡಬ್ಬಿಯೊಳಗೆ, ಗಾಳಿ ಬರುವ ದಾರಿಗೆ ಅಡ್ಡವಾಗಿ, ಅರ್ಧ ಖಾಲಿಯಾದ ಪೇಢೆಯ ಪೊಟ್ಟಣ ಕೂತಿತ್ತು. ಹೆಂಡತಿ ತನ್ನ ಶುಗರ್ ಪೇಶೆಂಟ್ ಗಂಡನ ಮುಖ ನೋಡಿದಳು.

"ಇಲಿ ತಂದಿಟ್ಟಿರಬೇಕು," ಎಂದ ಗಂಡ.

"ಹೌದ್ರಿ ಸರ," ಮೌಲಾಸಾಬ ಡಬ್ಬಿಯೊಳಗೆ ಮತ್ತೊಮ್ಮೆ ಕೈ ಹಾಕಿದ. "ತನ್ನ ಕನ್ನಡಕಾನೂ ಇಲ್ಲೇ ಮರತ್ ಹೋಗೈತಿ."